ಆರನೇ ರೇಂಜರ್

"ಅದು ಸೆವೆನ್ ಅಲ್ಲ ಅಮ್ಮಾ. ಸಿಕ್ಸ್."

ಸಿಂಚನಾ ಹೀಗೆ ಹೇಳಿದಾಗ ಮಹಾಶ್ವೇತಾ ಸ್ಟೂಲಿನ ಮೇಲೆ ನಿಂತು, ಗೋಡೆಗೆ ಇಳಿಬಿಟ್ಟ ನೀಲಿ ಸೀರೆಗೆ ಚಂದ್ರನ ಫೋಟೋಗಳನ್ನು ಪಿನ್ನು ಮಾಡುತ್ತಿದ್ದಳು. ತುಟಿಗಳ ನಡುವೆ ಇನ್ನೂ ಪಿನ್ನುಗಳಿದ್ದುದರಿಂದ ತಕ್ಷಣ ಏನೂ ಕೇಳಲಾಗಲಿಲ್ಲ. ತಿರುಗಿ ಕೆಳಗೆ ನೋಡಿದಳು. ಹಲಗೆಗಳನ್ನು ಜೋಡಿಸಿ, ಬಿಳಿ ಪಂಚೆ ಹೊದಿಸಿದ ಐದು ಮೆಟ್ಟಿಲುಗಳ ಮೇಲೆ ಗೊಂಬೆಗಳು ಕೂತಿದ್ದವು. ನಡುವಿನ ಮೆಟ್ಟಿಲಲ್ಲಿ ಮಗಳು ಮಾಡಿದ ನೌಕೆ: ಚಿಪ್ಸಿನ ಉದ್ದ ಡಬ್ಬಿಯ ಮೈ, ಅಲ್ಯೂಮಿನಿಯಂ ಹಾಳೆ ಸುತ್ತಿದ ಎರಡು ರಟ್ಟಿನ ರೆಕ್ಕೆ, ಬುಡದಲ್ಲಿ ಆಂಟೆನಾ ಎಂದು ಅಂಟಿಸಿದ ಒಗ್ಗರಣೆ ಸೌಟು. ಡಬ್ಬಿಯ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು 6 ಇತ್ತು. ಅದನ್ನು ಅವಳು ಒಂದು ವಾರದಿಂದ ನೋಡುತ್ತಿದ್ದಳು, ಏನೆಂದು ಕೇಳಿರಲಿಲ್ಲ.

ಪಿನ್ನುಗಳನ್ನು ಅಂಗೈಗೆ ತೆಗೆದುಕೊಂಡು, ಸಿಕ್ಸ್ ಆದರೇನು ಸೆವೆನ್ ಆದರೇನು, ಎಲ್ಲವೂ ರೇಂಜರೇ ತಾನೆ ಎಂದಳು. ಸಿಂಚನಾ ತಾಳ್ಮೆಯಿಂದ, ಶಾಲೆಯಲ್ಲಿ ಪ್ರಾಜೆಕ್ಟು ಒಪ್ಪಿಸುವಾಗ ಹೇಳಿದ ಹಾಗೆಯೇ, ಇಂಗ್ಲಿಷಿನಲ್ಲಿ ವಿವರಿಸಿದಳು. ಅರವತ್ತು ವರ್ಷಗಳ ಹಿಂದೆ ಅಮೆರಿಕದವರು ಚಂದ್ರನಿಗೆ ಡಿಕ್ಕಿ ಹೊಡೆಯಲೆಂದೇ ಒಂದರ ಹಿಂದೊಂದು ರೇಂಜರ್ ನೌಕೆಗಳನ್ನು ಕಳಿಸಿದರು. ಒಳಗೆ ಮನುಷ್ಯರಿಲ್ಲ, ಬರೀ ಕ್ಯಾಮೆರಾಗಳು. ಅಪ್ಪಳಿಸುವ ಕೊನೆಯ ಕ್ಷಣದವರೆಗೂ ಫೋಟೋ ತೆಗೆದು ಭೂಮಿಗೆ ಕಳಿಸುತ್ತ ಹೋಗುವುದು ಅವುಗಳ ಕೆಲಸ. ಮೊದಲಿನವು ಒಂದಲ್ಲ ಒಂದು ರೀತಿ ಕೆಟ್ಟವು. ಏಳನೆಯದು ಸಾವಿರಾರು ಫೋಟೋ ಕಳಿಸಿತು. ಅಮ್ಮ ಗೋಡೆಗೆ ಹಚ್ಚುತ್ತಿರುವುದು ಅವೇ. ಆರನೆಯದು ಮಾತ್ರ ದಾರಿ ತಪ್ಪದೆ ಹೋಗಿ, ಎಲ್ಲಿ ಬೀಳಬೇಕಿತ್ತೋ ಹೆಚ್ಚುಕಡಿಮೆ ಅಲ್ಲೇ ಬಿತ್ತು, ಆದರೆ ಒಂದೇ ಒಂದು ಫೋಟೋ ಕಳಿಸಲಿಲ್ಲ. ಹೊರಟ ಸ್ವಲ್ಪ ಹೊತ್ತಿಗೇ ಕ್ಯಾಮೆರಾಗಳಿಗೆ ವಿದ್ಯುತ್ತು ಕೊಡುವ ಭಾಗ ಸುಟ್ಟುಹೋಗಿತ್ತು. ಕೊನೆಯ ನಿಮಿಷಗಳವರೆಗೂ ಯಾರಿಗೂ ಅದು ತಿಳಿಯಲಿಲ್ಲ.

"ಇಟ್ ಡಿಡಂಟ್ ನೋ, ಅಮ್ಮಾ," ಎಂದಳು ಸಿಂಚನಾ, ನೌಕೆಯ ಒಂದು ರೆಕ್ಕೆಯನ್ನು ಬೆರಳಿನಿಂದ ನೆಟ್ಟಗೆ ಮಾಡುತ್ತ. "ಇಟ್ ಜಸ್ಟ್ ವೆಂಟ್ ಆಲ್ ದ ವೇ."

"ಇದನ್ನ ಮೊದಲ ಯಾಕ ಹೇಳಲಿಲ್ಲ ನೀ?"

"ಐ ಡಿಡ್. ಕಾರ್‌ನಲ್ಲಿ. ಟ್ವೈಸ್."

ಹೇಳಿದ್ದಿರಬೇಕು. ಕಾರಿನಲ್ಲಿ ಮಹಾಶ್ವೇತಾಳ ಕಿವಿ ಮೆಲ್ಬರ್ನಿನಿಂದ ಬರುವ ವಾಯ್ಸ್ ಮೆಸೇಜುಗಳ ಕಡೆಗಿರುತ್ತಿತ್ತು. ರೇಂಜರ್ ಎಂಬ ಒಂದು ಹೆಸರನ್ನಷ್ಟೆ ಅವಳು ಹಿಡಿದುಕೊಂಡಿದ್ದಳು. ಮನೆಗೆ ಬಂದು ಫೋನಿನಲ್ಲಿ ಹುಡುಕಿ, ಸಿಕ್ಕ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅಂಕಿ ಕಾಣದಂತೆ ಪಕ್ಕದಿಂದ ತೆಗೆದ ನೌಕೆಯ ಚಿತ್ರವನ್ನು ನಿನ್ನೆಯೇ ಸಿಡ್ನಿಯ ಸ್ಕೋಫೀಲ್ಡ್ಸಿನ ಕನ್ನಡ ಹೆಂಗಸರ ಗುಂಪಿಗೂ ಮನೆಯವರ ಗುಂಪಿಗೂ ಕಳಿಸಿದ್ದಳು. ರೇಂಜರ್ ಸೆವೆನ್, ಚಂದ್ರನನ್ನು ಮೊದಲ ಸಲ ಹತ್ತಿರದಿಂದ ಫೋಟೋ ತೆಗೆದ ನೌಕೆ, ಸಿಂಚನಾ ತಾನೇ ಮಾಡಿದ್ದು, ನಮ್ಮನೆಯ ಮೊದಲ ಗೊಂಬೆ ಹಬ್ಬಕ್ಕೆ ಎಲ್ಲರೂ ಬನ್ನಿ ಎಂದು ಬರೆದಿದ್ದಳು. ಕೆಳಗೆ ಹೃದಯಗಳು, ಚಪ್ಪಾಳೆಗಳು, ಜೋಡಿಸಿದ ಕೈಗಳು ಸಾಲುಗಟ್ಟಿದ್ದವು. ಮೆಲ್ಬರ್ನಿನ ಶ್ರದ್ಧಾ ಮಾತ್ರ ಅಕ್ಷರಗಳಲ್ಲಿ ಉತ್ತರಿಸಿದ್ದಳು: ಅಂತೂ ನಿಮ್ಮನೇಲೂ ಗೊಂಬೆ ಕೂತ್ವಲ್ಲ, ನಾವೇ ಬರ್ತೀವಿ.

ಶ್ರದ್ಧಾ ಮಹಾಶ್ವೇತಾಳ ಗಂಡನ ಅಣ್ಣನ ಹೆಂಡತಿ. ಮೈಸೂರಿನಲ್ಲಿ ಬೆಳೆದವಳು. ಕ್ರೇಗಿಬರ್ನಿನ ಅವರ ಮನೆಯಲ್ಲಿ ಪ್ರತಿ ದಸರೆಗೂ ಒಂಬತ್ತು ಮೆಟ್ಟಿಲ ಗೊಂಬೆ ಕೂರುತ್ತಿತ್ತು. ಕಳೆದ ವರ್ಷ ಇವರೆಲ್ಲ ಅಲ್ಲಿಗೆ ಹೋಗಿದ್ದರು. ಶ್ರದ್ಧಾಳ ಮಗಳು ನಿರೀಕ್ಷಾ ರೇಷ್ಮೆ ಲಂಗ ಉಟ್ಟು, ಬಂದವರಿಗೆಲ್ಲ ಒಂದೊಂದು ಗೊಂಬೆಯ ಕಥೆಯನ್ನು ತಡವರಿಸದೆ ಕನ್ನಡದಲ್ಲಿ ಹೇಳಿದ್ದಳು. ಯಾರೋ ಹೆಂಗಸು ಸಿಂಚನಾಳ ಗಲ್ಲ ಹಿಡಿದು, ನಿನ್ನ ಹೆಸರೇನಮ್ಮ, ಎಷ್ಟನೇ ಕ್ಲಾಸು ಎಂದು ಕೇಳಿದ್ದರು. ಸಿಂಚನಾ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ಇಂಗ್ಲಿಷೇ. ಹೆಂಗಸು ಗಲ್ಲ ಬಿಟ್ಟು, "ಪಾಪ, ಮನೇಲಿ ಮಾತಾಡ್ಸಲ್ಲ ಅನ್ಸುತ್ತೆ" ಎಂದು ಪಕ್ಕದವರಿಗೆ ಹೇಳಿದರು. ಶ್ರದ್ಧಾ ಕೂಡಲೆ ಅವರ ಗಮನವನ್ನು ಕೋಸಂಬರಿಯ ಕಡೆಗೆ ತಿರುಗಿಸಿದ್ದಳು. ಹಾಗೆ ಕಾಪಾಡಿದ್ದೇ ಮಹಾಶ್ವೇತಾಳಿಗೆ ಹೆಚ್ಚು ಚುಚ್ಚಿತ್ತು. ಅವಳು ಧಾರವಾಡದಲ್ಲಿ ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ಸಿಡ್ನಿಗೆ ವಾಪಸು ಬರುವ ಇಡೀ ದಿನದ ದಾರಿಯಲ್ಲಿ ಮಗಳ ಜೊತೆ ಒಂದು ಮಾತೂ ಆಡಿರಲಿಲ್ಲ. ಸಿಂಚನಾ ನಡುದಾರಿಯ ಊರು ಗಂಡೆಗೈ ಬಂತೇ ಎಂದು ಎರಡು ಸಲ ಕೇಳಿ ಸುಮ್ಮನಾಗಿದ್ದಳು.

ಇವತ್ತು ಅದೇ ಶ್ರದ್ಧಾ ಬರುತ್ತಿದ್ದಳು. ಮನೆಗೆ ಹೊಸ ಫ್ಲೋರಿಂಗ್ ಹಾಕಿಸುತ್ತಿದ್ದುದರಿಂದ ಈ ಸಲ ಅವಳ ಗೊಂಬೆಗಳು ಪೆಟ್ಟಿಗೆಯಲ್ಲೇ ಉಳಿದಿದ್ದವು. ಬೆಳಗಿನ ಜಾವವೇ ಹೊರಟು, ಈಗ ಗಡಿಯ ಊರು ಆಲ್ಬರಿ ದಾಟಿದ್ದಾರೆಂದು ಫೋನು ಹೇಳುತ್ತಿತ್ತು.

ಮಹಾಶ್ವೇತಾ ಸ್ಟೂಲಿನಿಂದ ಇಳಿದು ಮಗಳ ಪಕ್ಕ ಕೂತಳು. ಧ್ವನಿಯನ್ನು ಮೆತ್ತಗೆ ಮಾಡಿಕೊಂಡು, ಆರು ಮತ್ತು ಏಳು ನೋಡಲು ಬೇರೆ ಬೇರೆಯೇ ಎಂದು ಕೇಳಿದಳು. ಅಲ್ಲ, ಒಂದೇ ಥರ ಎಂದಳು ಸಿಂಚನಾ. ಹಾಗಾದರೆ ಇದೊಂದು ನಂಬರನ್ನು ಬದಲಾಯಿಸಿಬಿಡೋಣ. ಅಮ್ಮ ಎಲ್ಲರಿಗೂ ಏಳು ಎಂದು ಹೇಳಿಯಾಗಿದೆ. ಹಬ್ಬದ ದಿನ ಕೆಲಸ ಮಾಡದ ನೌಕೆಯನ್ನು ಇಟ್ಟರೆ ನೋಡಿದವರು ಏನಂದಾರು? ಸಿಂಚನಾ ನೌಕೆಯನ್ನು ನೋಡುತ್ತ ಕೂತಳು. ಅವಳಿಗೆ ಹಟವೇನೂ ಇರಲಿಲ್ಲ. ತಪ್ಪು ಲೆಕ್ಕವೊಂದನ್ನು ಸರಿಯೆಂದು ಒಪ್ಪಲು ಹೇಳಿದಾಗ ಆಗುವಂಥ ಗೊಂದಲ ಅವಳ ಮುಖದಲ್ಲಿತ್ತು.

"ಬಟ್ ಐ ಮೇಡ್ ಸಿಕ್ಸ್," ಎಂದಳು ಕೊನೆಗೆ.

ಅಷ್ಟರಲ್ಲಿ ಗಂಡ ಗುರುಬಸವ ಹ್ಯಾರಿಸ್ ಪಾರ್ಕಿನ ಅಂಗಡಿಗಳಿಂದ ಹೂವು, ವೀಳ್ಯದೆಲೆ, ಪೇಢೆಯ ಡಬ್ಬಿಗಳನ್ನು ಹೊತ್ತು ಬಂದ. ಪಾರ್ಕಿಂಗ್ ಸಿಗದೆ ಮೂರು ಸುತ್ತು ಹೊಡೆದನೆಂದೂ, ಚೆಂಡುಹೂವಿಗೆ ಗುಜರಾತಿ ಹೆಂಗಸರ ಜೊತೆ ಕುಸ್ತಿಯೇ ಆಯಿತೆಂದೂ ಹೇಳಿಕೊಂಡ. ಮಹಾಶ್ವೇತಾ ಅವನನ್ನು ಗರಾಜಿಗೆ ಕರೆದು ವಿಷಯ ತಿಳಿಸಿದಳು. ಅವನಿಗೆ ನಗು ಬಂತು.

"ಒಂದ್ ನಂಬರಿಗೆ ಇಷ್ಟ್ಯಾಕ ತಲಿ ಕೆಡಿಸ್ಕೊಳ್ತಿ? ಬಂದೋರು ಉಸಳಿ ತಿಂತಾರ, ಫೋಟೋ ತಕ್ಕೊಂತಾರ, ಹೋಗ್ತಾರ. ಯಾರ್ ನೋಡ್ತಾರ?"

"ನಿಮ್ಮ ಶ್ರದ್ಧಾ ವೈನಿ ನೋಡ್ತಾರ."

"ಹಂಗಾದ್ರ ಖರೇ ಹೇಳಿಬಿಡು. ನಂದ ತಪ್ಪಾತು, ಇದು ಆರು ಅಂತ."

ಅವನಿಗೆ ಎಲ್ಲವೂ ಅಷ್ಟು ಸುಲಭ. ಮಹಾಶ್ವೇತಾ ಹೂವಿನ ಚೀಲ ತೆಗೆದುಕೊಂಡು ಒಳಗೆ ಬಂದಳು. ಗುಂಪಿನಲ್ಲಿ ಬರೆದದ್ದನ್ನು ಅಳಿಸಬಹುದಿತ್ತು; ಅಳಿಸಿದರೆ ಅಳಿಸಿದ ಗುರುತು ಉಳಿಯುತ್ತಿತ್ತು. ತಿದ್ದಿ ಬರೆಯಬಹುದಿತ್ತು, ಆಗ, ಮಗಳು ಏನು ಮಾಡಿದಳೆಂದು ತಾಯಿಗೇ ಗೊತ್ತಿರಲಿಲ್ಲವೆಂದು ಎಲ್ಲರಿಗೂ ತಿಳಿಯುತ್ತಿತ್ತು. ಅವಳು ಎರಡನ್ನೂ ಮನಸ್ಸಿನಲ್ಲಿ ಬರೆದು ನೋಡಿ, ಫೋನನ್ನು ಮೈಕ್ರೋವೇವಿನ ಮೇಲೆ ಬೋರಲು ಇಟ್ಟಳು.

ಕಡಲೆಕಾಳಿನ ಉಸಳಿಗೆ ಕಾಯಿ ತುರಿಯುತ್ತ ಅಡುಗೆಮನೆಯ ಕಿಟಕಿಯಿಂದ ಹಿತ್ತಲನ್ನು ನೋಡಿದಳು. ಹಿತ್ತಲೆಂದರೆ ಮೂರು ಕಡೆ ಬೂದು ತಗಡಿನ ಬೇಲಿ, ಇನ್ನೂ ಬೇರು ಬಿಡದ ಹುಲ್ಲು, ಬಟ್ಟೆ ಒಣಹಾಕುವ ಕಂಬ. ಕಂಬದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅತ್ತೆ ಬಸಕ್ಕ ಹೂವು ಕಟ್ಟುತ್ತಿದ್ದಳು. ಮೂರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ಬಸಕ್ಕನಿಗೆ ಈ ಗೊಂಬೆ ಹಬ್ಬವೇ ಹೊಸದು. ನಮ್ಮ ಕಡಿ ದಸರಾ ಅಂದರೆ ಬನ್ನಿ ಕೊಡೂದು, ಗೊಂಬಿ ಯಾವಾಗ ಕೂಡಿಸಿದ್ದಿವಿ ಎಂದು ಮೊದಲ ದಿನ ಒಂದು ಮಾತು ಅಂದು, ಆಮೇಲೆ ಮೆಟ್ಟಿಲಿಗೆ ಹೊದಿಸಲು ತನ್ನ ಗಂಡನ ಪಂಚೆಯನ್ನು ತಾನೇ ಕೊಟ್ಟಿದ್ದಳು. ಇಲ್ಲಿಯ ಚಂದ್ರ ತಲಿಕೆಳಗ ಅದಾನ, ಮೊಲದ ಕಾಲು ಮ್ಯಾಲ ಆಗ್ಯಾವ ಎಂದು ಅವಳು ಕಂಡುಹಿಡಿದಾಗ ಮನೆಯಲ್ಲಿ ನಗದೇ ಇದ್ದವಳು ಸಿಂಚನಾ ಒಬ್ಬಳೇ. ಯಾಕೆ ಹಾಗೆ ಕಾಣುತ್ತದೆಂದು ಕಿತ್ತಳೆ ಹಣ್ಣು ಹಿಡಿದು, ತಾನು ಆಯಿ ಎಂದು ಕರೆಯುವ ಅಜ್ಜಿಗೆ ತೋರಿಸಿದ್ದಳು.

ಈಗ ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಏನೋ ಆಡುತ್ತಿದ್ದರು. ಬಸಕ್ಕ ಒಂದು ಬೆರಳೆತ್ತಿ ಏನೋ ಅನ್ನುವಳು, ಸಿಂಚನಾ ತುಟಿ ಅಲುಗಿಸುವಳು, ಇಬ್ಬರೂ ನಗುವರು, ಬಸಕ್ಕ ಮತ್ತೆ ಬೆರಳೆತ್ತುವಳು. ಕಿಟಕಿಯ ಗಾಜು ಮುಚ್ಚಿದ್ದರಿಂದ ಏನೂ ಕೇಳಿಸುತ್ತಿರಲಿಲ್ಲ. ಒಳಗೆ ಇಷ್ಟು ಕೆಲಸ ಬಿದ್ದಿರುವಾಗ ಇವರಿಗೆ ಆಟ ಎಂದುಕೊಂಡು ಮಹಾಶ್ವೇತಾ ಪರದೆ ಎಳೆದಳು.

ಶ್ರದ್ಧಾ ಮಧ್ಯಾಹ್ನ ಬಂದಳು. ಕಾರಿನಿಂದ ಇಳಿದವಳೇ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ, ಗಂಡ ವೀರೇಂದ್ರ ಗೂಗಲ್ ಹೇಳಿದ್ದಕ್ಕೆಲ್ಲ ಎದುರುಮಾತಾಡಿ ಒಂದು ಗಂಟೆ ತಡ ಮಾಡಿದನೆಂದು ಬೀದಿಯಲ್ಲೇ ದೂರು ಹೇಳಿದಳು. ನಿರೀಕ್ಷಾಗೆ ನೆಟ್‌ಬಾಲ್ ಕ್ಯಾಂಪ್ ಇದ್ದುದರಿಂದ ಅವಳು ಬಂದಿರಲಿಲ್ಲ. ಅದನ್ನು ಕೇಳಿದಾಗ ಎದೆಯೊಳಗೆ ಏನೋ ಸಡಿಲವಾದದ್ದು ಮಹಾಶ್ವೇತಾಳ ಗಮನಕ್ಕೆ ಬಂತು. ಅದಕ್ಕೂ ಅವಳಿಗೆ ನಾಚಿಕೆಯಾಯಿತು.

ಒಳಗೆ ಬಂದು ಶ್ರದ್ಧಾ ಕೈಚೀಲದಿಂದ ಹಳೆಯ ಮೆತ್ತನೆ ಸೀರೆಯ ತುಂಡಿನಲ್ಲಿ ಸುತ್ತಿದ್ದನ್ನು ತೆಗೆದಳು. ಚಂದನದ ಮರದ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ಮೇಲಿನ ಮೆಟ್ಟಿಲಲ್ಲಿ ಕೂರಬೇಕಾದವು. ಅವು ಹೆಣ್ಣಿಗೆ ತವರಿನಿಂದ ಬರಬೇಕು.

"ನಿಮ್ಮ ಕಡೆ ಕೊಡಲ್ವಲ್ಲ, ಅದಕ್ಕೆ ನಾನೇ ತಂದೆ. ನಾನೇ ನಿನ್ನ ತವರು ಅಂದ್ಕೊ," ಎಂದಳು.

ಒಂದು ವರ್ಷದಿಂದ ಈ ಹೆಂಗಸಿನ ಎದುರು ಗೆಲ್ಲುವುದಕ್ಕೆಂದು ಮಹಾಶ್ವೇತಾ ಹಲಗೆ ಕೊಂಡಿದ್ದಳು, ಗೊಂಬೆ ತರಿಸಿದ್ದಳು, ರಜೆ ಹಾಕಿದ್ದಳು. ಶ್ರದ್ಧಾ ಗೊಂಬೆಗಳನ್ನು ಕೂರಿಸಿ, ಹಿಂದೆ ಸರಿದು, ನಡುವಿನ ಮೆಟ್ಟಿಲನ್ನು ನೋಡಿ, "ಇದೇನಾ ಆ ಫೇಮಸ್ ರಾಕೆಟ್ಟು? ಎಲ್ಲಾರ್ಗೂ ತೋರಿಸ್ಬಿಟ್ಟಿದೀನಿ ನಾನು, ಮೆಲ್ಬರ್ನಲ್ಲಿ" ಎಂದಳು. ಸಿಂಚನಾ ತಾಯಿಯ ಕಡೆ ನೋಡಿದಳು.

ಪೂಜೆಯ ಹೊತ್ತಿಗೆ ಪಶ್ಚಿಮದ ಬಿಸಿಗಾಳಿ ಸ್ವಲ್ಪ ಇಳಿದಿತ್ತು. ಬಸಕ್ಕ ದೀಪ ಹಚ್ಚಿದಳು. ಮಹಾಶ್ವೇತಾ ಬಟ್ಟಲು ಹಿಡಿದು ಮೇಲಿನ ಮೆಟ್ಟಿಲಿನಿಂದ ಒಂದೊಂದೇ ಗೊಂಬೆಗೆ ಅರಿಸಿನ ಕುಂಕುಮ ಇಡುತ್ತ, ಹೂವು ಏರಿಸುತ್ತ ಬಂದಳು. ಆಯುಧಪೂಜೆಯಲ್ಲಿ ಕಾರಿಗೂ ಹೊಲಿಗೆ ಮಿಷನ್ನಿಗೂ ಇಡುವುದಿಲ್ಲವೇ, ಹಾಗೆಯೇ ನೌಕೆಗೂ ಇಡಬೇಕು. ಅಷ್ಟರವರೆಗೆ ಅವಳು ಬೇರೆ ಏನೂ ಯೋಚಿಸಿರಲಿಲ್ಲ, ಅಥವಾ ಯೋಚಿಸಿರಲಿಲ್ಲವೆಂದು ಆಮೇಲೆ ತನಗೇ ಹೇಳಿಕೊಂಡಳು. ಬೆರಳು ಡಬ್ಬಿಯ ಹೊಟ್ಟೆಯ ಮೇಲೆ ಹೋಯಿತು. ಕೆಂಪು ಅಂಕಿಯ ಮೇಲೆ ಕೆಂಪು ಕುಂಕುಮ ಸುಲಭವಾಗಿ ಕೂತಿತು. ಅಂಕಿಯ ಬಾಲ ಇನ್ನೂ ಕಾಣುತ್ತಿತ್ತು. ದೊಡ್ಡದೊಂದು ಚೆಂಡುಹೂವು ಆರಿಸಿ, ಅದರ ತೊಟ್ಟಿಗೆ ಅಂಟು ಟೇಪು ಹಚ್ಚಿ, ಅಲ್ಲಿ ಒತ್ತಿದಳು.

ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದಿದ್ದರು. ಅವಳು ತಿರುಗಿದಾಗ ಕಣ್ಣು ತೆರೆದಿದ್ದವರು ಇಬ್ಬರು, ಬಸಕ್ಕ ಮತ್ತು ಸಿಂಚನಾ. ಬಸಕ್ಕ ಗಂಟೆ ಬಾರಿಸುವುದನ್ನು ನಿಲ್ಲಿಸಲಿಲ್ಲ. ಸಿಂಚನಾ ಹೂವನ್ನು ನೋಡಿದಳು, ಆಮೇಲೆ ತಾಯಿಯ ಕೈಯಲ್ಲಿದ್ದ ಟೇಪಿನ ಸುರುಳಿಯನ್ನು ನೋಡಿದಳು. ದೇವರ ಮುಂದೆ ಗಲಾಟೆ ಮಾಡಬಾರದೆಂದು ಕಲಿಸಿದ್ದು ಮಹಾಶ್ವೇತಾಳೇ. ಹುಡುಗಿ ಕಲಿಸಿದಂತೆ ಸುಮ್ಮನಿದ್ದಳು.

ಸಂಜೆ ಜನ ಬರತೊಡಗಿದರು. ಬಾಗಿಲ ಬಳಿ ಚಪ್ಪಲಿಗಳು ಏರಿದವು. ಹೆಂಗಸರು ಗೊಂಬೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಸೋಫಾದಲ್ಲಿ ಗಂಡಸರು ಮಾರ್ಟ್‌ಗೇಜಿನ ಬಡ್ಡಿ ಯಾವಾಗ ಇಳಿದೀತೆಂದು ಭವಿಷ್ಯ ಹೇಳಿದರು. ನೌಕೆ ಎಲ್ಲರಿಗೂ ಹಿಡಿಸಿತು. ಇದು ನಮ್ಮ ಚಂದ್ರಯಾನವೇ ಎಂದು ಒಬ್ಬರು ಕೇಳಿದರೆ, ಅಲ್ಲ, ಅದಕ್ಕಿಂತ ಎಷ್ಟೋ ಮೊದಲಿನದು, ಚಂದ್ರನ ಮೊದಲ ಹತ್ತಿರದ ಫೋಟೋ ತೆಗೆದದ್ದು ಎಂದು ಮಹಾಶ್ವೇತಾ ಹೇಳಿದಳು. ಮೊದಲ ಸಲ ಪದಗಳನ್ನು ಆರಿಸಿ ಆರಿಸಿ ಹೇಳಿದಳು. ನಾಲ್ಕೈದು ಸಲ ಹೇಳುವಷ್ಟರಲ್ಲಿ ಮಾತು ತಾನಾಗಿಯೇ ಬರತೊಡಗಿತು. ಸಿಂಚನಾ ಹಸಿರು ಲಂಗ ಉಟ್ಟು ಮೆಟ್ಟಿಲಿನ ಮಗ್ಗುಲಲ್ಲಿ ಗೋಡೆಗೆ ಆತು ನಿಂತಿದ್ದಳು.

ಉಡುಪಿಯ ಕಡೆಯ ಜಯೇಶ್ ಮತ್ತು ಅಕ್ಕು ಬಂದಾಗ ಹಾಲಿನಲ್ಲಿ ಜನ ತುಂಬಿದ್ದರು. ಜಯೇಶ್ ಬ್ಲ್ಯಾಕ್‌ಟೌನಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ಉಳಿದವರಂತೆ ದೂರದಿಂದ ನೋಡದೆ, ನೌಕೆಯ ಎದುರು ಮೊಣಕಾಲೂರಿ ಕೂತ.

"ಒಗ್ಗರಣೆ ಸೌಟು ಮಾರಾಯ್ರೆ," ಎಂದು ಹೆಂಡತಿಗೆ ತೋರಿಸಿದ. "ಡಿಶ್ ಆಂಟೆನಾಕ್ಕೆ ಇದಕ್ಕಿಂತ ಒಳ್ಳೆ ಐಡಿಯಾ ಉಂಟಾ? ಸೋಲಾರ್ ಪ್ಯಾನೆಲ್ ಸಹ ಸರಿ ಉಂಟು. ರೇಂಜರ್ ಅಲ್ವಾ ಇದು? ಎಷ್ಟನೇದು?"

ಅವನ ಕೈ ಚೆಂಡುಹೂವಿನ ಕಡೆ ಚಾಚಿತು. ಕುಂಕುಮ ಕೈಗೆ ಹತ್ತುತ್ತದೆ ಎಂದು ಮಹಾಶ್ವೇತಾ ಹೇಳಿದಳು. ಅದು ಬೇಕಾದುದಕ್ಕಿಂತ ಜೋರಾಗಿ ಬಂತು. ಅವನು ಕೈ ಹಿಂದೆ ತೆಗೆದುಕೊಂಡ.

"ಸೆವೆನ್," ಎಂದಳು ಅವಳು. "ರೇಂಜರ್ ಸೆವೆನ್."

"ಹೌದಾ. ಇದನ್ನು ಮಾಡಿದವರ ಬಾಯಿಂದಲೇ ಕೇಳುವ. ಇಲ್ಲಿ ಬಾ ಪುಟ್ಟಿ, ಇದು ಎಂತ ಮಾಡಿತು, ಸ್ವಲ್ಪ ಹೇಳು ನಮಗೆ."

ಹಾಲಿನಲ್ಲಿದ್ದವರ ಮಾತು ನಿಧಾನವಾಗಿ ನಿಂತಿತು. ಸಿಂಚನಾ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದಳು. ಯಾರೋ ಆಗಲೇ ಫೋನು ಎತ್ತಿ ಹಿಡಿದಿದ್ದರು. ಹುಡುಗಿ ಚೆಂಡುಹೂವಿನ ಕಡೆ ನೋಡಿದಳು.

"ಇಂಗ್ಲಿಷಲ್ಲೇ ಹೇಳು ಕಂದಾ, ಪರವಾಗಿಲ್ಲ," ಎಂದಳು ಶ್ರದ್ಧಾ ಮೆಲ್ಲಗೆ.

ಮಹಾಶ್ವೇತಾ ಮಗಳನ್ನೇ ನೋಡುತ್ತಿದ್ದಳು. ನಿಜ ಹೇಳಿಬಿಟ್ಟಾಳು ಎಂಬ ಭಯ, ಇಂಗ್ಲಿಷಿನಲ್ಲಿ ಹೇಳಿಯಾಳು ಎಂಬ ಭಯ, ಎರಡೂ ಆ ನೋಟದಲ್ಲಿದ್ದಿರಬೇಕು. ಸಿಂಚನಾ ತಾಯಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ರೋಗಿಯ ಮಗ್ಗುಲಲ್ಲಿ ಕೂತವರು ಹಾಗೆ ನೋಡುತ್ತಾರೆ. ಆಮೇಲೆ ಎಲ್ಲರ ಕಡೆ ತಿರುಗಿದಳು.

"ಇದು ಏಳನೇದು," ಎಂದಳು ಕನ್ನಡದಲ್ಲಿ. ಒಂದೊಂದು ಪದವನ್ನೂ ಹುಡುಕಿ ಎತ್ತಿಟ್ಟಂತೆ, ಅಜ್ಜಿಯ ರಾಗದಲ್ಲಿ. "ಚಂದ್ರನ ಕಡೆ ಹೋತು. ಫೋಟೋ ತೆಗೀತು. ಭಾಳ ಚಂದ ಫೋಟೋ ತೆಗೀತು. ಎಲ್ಲಾ ಮನಿಗೆ ಕಳಿಸ್ತು." ಒಂದು ಕ್ಷಣ ತಡೆದು, "ಎಲ್ಲಾರಿಗೂ ಖುಷಿ ಆತು," ಎಂದು ಸೇರಿಸಿದಳು.

ಚಪ್ಪಾಳೆ ಬಿತ್ತು. ಎಷ್ಟು ಚೆಂದ ಧಾರವಾಡ ಭಾಷೆ ಮಾತಾಡ್ತಾಳೆ ಎಂದು ಅಕ್ಕು ಹುಡುಗಿಯ ತಲೆ ಸವರಿದಳು. ಜಯೇಶ್ ಎದ್ದುನಿಂತು ದೊಡ್ಡವರಿಗೆ ಕೊಡುವಂತೆ ಕೈ ಕುಲುಕಿದ. ಶ್ರದ್ಧಾ ಜನರ ನಡುವಿನಿಂದ ಬಂದು ಮಹಾಶ್ವೇತಾಳನ್ನು ತಬ್ಬಿಕೊಂಡಳು. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಬಂತಲ್ಲೇ. ನೋಡು, ಎಷ್ಟು ಚೆನ್ನಾಗಿ ಬಂತು. ಸುಮ್ನೆ ಕೊರಗ್ತಿದ್ದೆ ನೀನು."

ಮಹಾಶ್ವೇತಾ ನಕ್ಕಳು. ಒಂದು ವರ್ಷ ಅವಳು ಕಾದಿದ್ದ ಗಳಿಗೆ ಇದೇ. ಜನ ತುಂಬಿದ ಮನೆ, ಶ್ರದ್ಧಾಳ ಎದುರು, ಮಗಳ ಬಾಯಲ್ಲಿ ಕನ್ನಡ. ಶ್ರದ್ಧಾಳ ಭುಜದ ಮೇಲಿಂದ ನೋಡಿದರೆ ಸಿಂಚನಾ ಎರಡೂ ಕೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು.

ಇನ್ನಷ್ಟು ಉಸಳಿ ತರುವ ನೆಪದಲ್ಲಿ ಅವಳು ಅಡುಗೆಮನೆಗೆ ಹೋದಳು. ಬಸಕ್ಕ ಅಲ್ಲಿ ನಲ್ಲಿಯ ಮುಂದೆ ನಿಂತು, ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಚಪ್ಪಾಳೆಯ ಹೊತ್ತಿಗೆ ಆಕೆ ಹಾಲಿನಲ್ಲಿರಲಿಲ್ಲವೆಂಬುದು ಮಹಾಶ್ವೇತಾಳಿಗೆ ಆಗ ಹೊಳೆಯಿತು.

"ಕೇಳಿದಿರೇನ್ ಅತ್ಯಾರ? ನೀವ ಹೇಳಿಕೊಟ್ಟಿದ್ರಿ ಅನ್ನಿಸ್ತು."

ಬಸಕ್ಕ ನಲ್ಲಿ ನಿಲ್ಲಿಸಿದಳು.

"ನಾ ಬ್ಯಾರೆ ಹೇಳಿಕೊಟ್ಟಿದ್ದೆನವಾ. ಅಮ್ಮಗ ಸರ್ಪ್ರೈಜ್ ಮಾಡೂದೈತಿ, ಯಾರಿಗೂ ಹೇಳಬ್ಯಾಡ ಅಂದಿದ್ಲು. ಮುಂಜಾನಿಂದ ಹಿತ್ತಲದಾಗ ಅದನ್ನ ನಡಸಿದ್ವಿ." ಆಕೆ ಸೆರಗಿನಿಂದ ಕೈ ಒರೆಸಿಕೊಂಡು, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು: "ಇದು ಆರನೇದು. ಇದರ ಕಣ್ಣು ಹಾದ್ಯಾಗ ಸುಟ್ಟಿದ್ವು. ಇದಕ್ಕ ಗೊತ್ತಿರಲಿಲ್ಲ. ಆದ್ರೂ ಚಂದ್ರನ ತನಕಾ ಹೋತು. ಇಷ್ಟ. ಸುಟ್ಟಿದ್ವು ಅನ್ನಾಕ ನಾಲಿಗಿ ಹೊರಳವಲ್ದಾಗಿತ್ತು ಕೂಸಿಗೆ. ಎಷ್ಟ್ ನಕ್ಕೇವಿ."

ಮಹಾಶ್ವೇತಾ ಉಸಳಿಯ ಪಾತ್ರೆಯ ಮುಚ್ಚಳ ತೆಗೆದು ಹಿಡಿದು ನಿಂತಿದ್ದಳು.

"ಏಳನೇದು ಅಂತ, ಚಂದ ಫೋಟೋ ತೆಗೀತು ಅಂತ, ಅದನ್ನ ನಾ ಕಲಿಸಿಲ್ಲ," ಎಂದಳು ಬಸಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಅದನ್ನ ನಿಂತಲ್ಲೇ ತಾನ ಜೋಡಿಸಿಕೊಂಡ್ಲು. ಅಷ್ಟ್ ಕನ್ನಡ ಬರ್ತದ ಆಕಿಗೆ."

ಆಮೇಲೆ ಲೋಟಗಳ ತಟ್ಟೆ ಎತ್ತಿಕೊಂಡು ಹೊರಗೆ ಹೋದಳು. ಹಾಲಿನಲ್ಲಿ ಅಕ್ಕು ಒಂದು ದೇವರ ನಾಮ ಶುರುಮಾಡಿದ್ದಳು. ಉಳಿದ ಹೆಂಗಸರು ಒಬ್ಬೊಬ್ಬರಾಗಿ ದನಿ ಸೇರಿಸುತ್ತಿದ್ದರು. ಮಹಾಶ್ವೇತಾ ಮುಚ್ಚಳವನ್ನು ಪಾತ್ರೆಗೆ ಮುಚ್ಚಿದಳು, ಮತ್ತೆ ತೆಗೆದಳು. ಬೆಳಿಗ್ಗೆ ತಾನು ಎಳೆದ ಪರದೆಯನ್ನು ಸರಿಸಿದರೆ ಹೊರಗೆ ಇನ್ನೂ ಬೆಳಕಿತ್ತು. ಹುಲ್ಲಿನ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿಗಳು ಒಂದರ ಕಡೆಗೊಂದು ಮುಖ ಮಾಡಿಕೊಂಡು ಹಾಗೇ ಇದ್ದವು.

ಜಯೇಶ್ ಮತ್ತು ಅಕ್ಕು ತಾಂಬೂಲ ತೆಗೆದುಕೊಂಡು ಹೊರಟರು. ಅವರ ಹಿಂದೆಯೇ ಉಳಿದವರೂ ಎದ್ದರು. ಇನ್ನೊಂದೆರಡು ಮನೆಯವರು ತಡವಾಗಿ ಬರುತ್ತೇವೆಂದು ತಿಳಿಸಿದ್ದರು. ಗುರುಬಸವ ಮತ್ತು ವೀರೇಂದ್ರ ಕಾರುಗಳಿಗೆ ದಾರಿ ಬಿಡಿಸಲು ಬೀದಿಗೆ ಹೋದರು. ಶ್ರದ್ಧಾ ಮೇಲಿನ ಕೋಣೆಗೆ ಹೋಗಿ, ಮಗಳಿಗೆ ಫೋನು ಮಾಡಿ ಜೋರುದನಿಯಲ್ಲಿ ಸುದ್ದಿ ಹೇಳುತ್ತಿದ್ದಳು. ಸಿಂಚನಾ, ಕನ್ನಡ, ಸೂಪರ್ ಎಂಬ ಮಾತುಗಳು ಮೆಟ್ಟಿಲಿಳಿದು ಬರುತ್ತಿದ್ದವು.

ಹಾಲಿನಲ್ಲಿ ಸಿಂಚನಾ ಒಬ್ಬಳೇ ಕಾರ್ಪೆಟ್ಟಿನ ಮೇಲೆ ಕೂತು ಪೇಪರ್ ಕಪ್ಪಿನಿಂದ ಉಸಳಿ ತಿನ್ನುತ್ತಿದ್ದಳು. ಕಾಯಿತುರಿಯನ್ನು ಒಂದು ಬದಿಗೆ ಸರಿಸಿ ಕಡಲೆಯನ್ನಷ್ಟೆ ಆರಿಸಿಕೊಳ್ಳುತ್ತಿದ್ದಳು. ಮಹಾಶ್ವೇತಾ ಹತ್ತಿರ ಹೋಗಿ ಕೂತಳು. ಹೇಳಬೇಕಾದದ್ದು ಅಡುಗೆಮನೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಸಿದ್ಧವಾಗಿತ್ತು. ಆಯಿ ಹೇಳಿದರು, ಅಮ್ಮನದು ತಪ್ಪಾಯಿತು, ಆ ಹೂವನ್ನು ಈಗಲೇ ತೆಗೆಯೋಣ. ಅವಳು ಯಾವತ್ತೂ ಮಾತನ್ನು ಹೀಗೆ ಮೊದಲೇ ಜೋಡಿಸಿಕೊಂಡು ಆಡುವವಳು.

"ಛಲೋ ಮಾತಾಡಿದಿ," ಎಂದಳು. ಬಾಯಿಂದ ಬಂದದ್ದು ಅದು. "ಕನ್ನಡ ಭಾಳ ಛಲೋ ಬಂತು."

ಸಿಂಚನಾ ತಲೆಯಾಡಿಸಿದಳು. ಅವಳಿಗೆ ಸಂತೋಷವೂ ಆಗಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಕಪ್ಪಿನಲ್ಲಿ ಉಳಿದ ಎರಡು ಕಡಲೆಗಳನ್ನು ಬೆರಳಿನಿಂದ ಹಿಡಿಯುತ್ತ, ತಲೆ ಎತ್ತದೆ, ಹೋಮ್‌ವರ್ಕಿನ ಬಗ್ಗೆ ಕೇಳುವಷ್ಟೇ ಸಹಜವಾಗಿ ಕೇಳಿದಳು:

"ಶುಡ್ ಐ ಸೇ ಇಟ್ ಎಗೇನ್? ಮುಂದಿನವರು ಬಂದಾಗ?"

ಮಹಾಶ್ವೇತಾಳ ಕೈ ಮಗಳ ಬೆನ್ನಿನ ಮೇಲಿತ್ತು. ಲಂಗದ ರವಿಕೆಯ ಗುಂಡಿಗಳ ನಡುವೆ ಬೆವರಿನ ತೇವ ಬೆರಳಿಗೆ ಹತ್ತಿತು. ಬೇಡ ಎಂಬ ಒಂದು ಪದ ಅವಳ ನಾಲಿಗೆಯ ಮೇಲಿತ್ತು. ಹೊರಗೆ ಕಾರೊಂದು ಬಂದು ನಿಂತ ಸದ್ದು, ಬಾಗಿಲುಗಳು ಒಂದಾದ ಮೇಲೊಂದು ಮುಚ್ಚಿದ ಸದ್ದು, ಮಕ್ಕಳಿಗೆ ಗದ್ದಲ ಮಾಡಬೇಡಿರೆಂದು ಯಾವುದೋ ತಾಯಿ ಕನ್ನಡದಲ್ಲಿ ಗದರಿದ ಸದ್ದು ಕೇಳಿಸಿತು. ಮೇಲಿನಿಂದ ಶ್ರದ್ಧಾ, "ಬಂದ್ರು ಅನ್ಸುತ್ತೆ ಕಣೇ, ಬಾಗಿಲು ತೆಗಿ" ಎಂದು ಕೂಗಿದಳು.

ಮಹಾಶ್ವೇತಾ ಎದ್ದಳು. ಬಾಗಿಲಿಗೆ ಹೋಗಿ ಚಿಲಕದ ಮೇಲೆ ಕೈಯಿಟ್ಟು, ಏನನ್ನೋ ಮರೆತವಳಂತೆ ಹಿಂತಿರುಗಿ ನೋಡಿದಳು. ಸಿಂಚನಾ ಕಪ್ಪನ್ನು ಸೋಫಾದ ಕೆಳಗೆ ಸರಿಸಿ, ಬಾಯಿ ಒರೆಸಿಕೊಂಡು, ಗೊಂಬೆಗಳ ಮೆಟ್ಟಿಲಿನ ಮಗ್ಗುಲಿಗೆ ಬಂದು ನಿಂತಿದ್ದಳು. ಲಂಗದ ನೆರಿಗೆಗಳನ್ನು ಒಂದೊಂದಾಗಿ ಸರಿಮಾಡಿಕೊಂಡಳು. ಆಮೇಲೆ ಕಣ್ಣು ಮುಚ್ಚಿದಳು. ಅವಳ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು.